ಒತ್ತಿದ ಲಿಂಕಿನ ಬಣ್ಣ

"ಒಮ್ಮೆ ಒತ್ತಿದ ಲಿಂಕು ನೇರಳೆಗೆ ತಿರುಗೋದು ಬೇಡ. ಎಲ್ಲಾ ನೀಲಿನೇ ಇರ್ಲಿ," ಎಂದು ವಿನ್ಯಾಸಕ ಪಟ್ಟು ಹಿಡಿದ. "ಪುಟದ ತುಂಬ ತೇಪೆ ಹಾಕಿದ ಹಾಗೆ ಕಾಣುತ್ತೆ."

ಅದು ಶ್ರವಣ ಸಾಧನ ತಯಾರಿಸುವ ಕಂಪನಿಯೊಂದರ ಆನ್‌ಲೈನ್ ಕೈಪಿಡಿ. ಅದನ್ನು ಬರೆದಾಕೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು. "ನೂರಾರು ಪುಟ ಇದೆ ಸ್ವಾಮಿ. ಯಾವುದು ಓದಾಯ್ತು, ಯಾವುದು ಬಾಕಿ ಅಂತ ಓದೋರಿಗೆ ಗೊತ್ತಾಗೋದು ಬೇಡ್ವಾ?"

"ಅಷ್ಟೆಲ್ಲ ಯಾರು ಓದ್ತಾರೆ ಮೇಡಂ?"

"ನೀವು ಓದಿದೀರಾ?"

ಅವನು ಓದಿರಲಿಲ್ಲ. ಅಕ್ಷರದ ಗಾತ್ರ, ಅಡಿಗೆರೆಯ ದಪ್ಪ, ಬಣ್ಣ, ಇಷ್ಟೇ ಅವನ ರಾಜ್ಯ. ಹಳೆಯ ಪರದೆಯೊಂದರಲ್ಲಿ ನೋಡಿ ನಾಳೆ ತೀರ್ಮಾನಿಸೋಣ ಎಂದು ಎದ್ದುಬಂದ.

ಮನೆಯಲ್ಲಿ ಹಳೆಯ ಕಂಪ್ಯೂಟರ್ ಇದ್ದದ್ದು ಹೆಂಡತಿಯದು. ಶಾಲೆಯಲ್ಲಿ ಟೀಚರಾಗಿದ್ದ ಅವಳು ಆಗ ತಾನೇ ಬಂದು, ಅವನಿಗೆ ಬೆನ್ನು ಮಾಡಿ ಪಾತ್ರೆ ತೊಳೆಯುತ್ತಿದ್ದಳು. "ನಿನ್ನ ಕಂಪ್ಯೂಟರ್ ತಗೊಳ್ಲಾ?" ಎಂದು ಬಾಗಿಲಿನಿಂದಲೇ ಕೇಳಿದ. ಉತ್ತರವಿಲ್ಲ. ಇತ್ತೀಚೆಗೆ ಅವಳದು ಇದೇ ಆಗಿತ್ತು. ಕರೆದರೆ ಓಗೊಡುವುದಿಲ್ಲ, ಒಂದು ಕೇಳಿದರೆ ಇನ್ನೊಂದು ಹೇಳುತ್ತಾಳೆ. ಈ ಮನೆಯಲ್ಲಿ ತನ್ನ ಮಾತಿಗೆ ಮೂರು ಕಾಸಿನ ಬೆಲೆಯಿಲ್ಲ ಎಂದು ಅವನೂ ಮುಖ ಊದಿಸಿಕೊಂಡು ಎಷ್ಟೋ ವಾರಗಳಾಗಿದ್ದವು.

ತಾನೇ ಕಂಪ್ಯೂಟರ್ ತೆಗೆದುಕೊಂಡು, ಹೊಸ ವಿನ್ಯಾಸಕ್ಕೆ ಹೋಲಿಸಿ ನೋಡಲೆಂದು ಮೊದಲು ಈಗಾಗಲೇ ಜಾಲತಾಣದಲ್ಲಿರುವ ಕೈಪಿಡಿಯನ್ನೇ ತೆರೆದ. ಆ ಕಂಪ್ಯೂಟರಿನಲ್ಲಿ ಅದನ್ನು ಯಾರೂ ತೆರೆದಿರಲು ಸಾಧ್ಯವಿಲ್ಲ, ಲಿಂಕುಗಳೆಲ್ಲ ನೀಲಿಯೇ ಇರಬೇಕು. ನೋಡಿದರೆ ಹೆಚ್ಚುಕಡಿಮೆ ಎಲ್ಲವೂ ನೇರಳೆ. ಯಾರೋ ಬಣ್ಣ ಅದಲುಬದಲು ಮಾಡಿದ್ದಾರೆ ಎಂದು ಬೈದುಕೊಳ್ಳುತ್ತ ಕೋಡ್ ತೆಗೆದು ನೋಡಿದ. ಕೋಡ್ ಸರಿಯಾಗಿಯೇ ಇತ್ತು. ಆಗ ಮೊದಲ ಸಲ ಲಿಂಕುಗಳನ್ನು ಓದಿದ.

‘ದನಿ ಕೇಳಿಸುತ್ತದೆ, ಮಾತು ತಿಳಿಯುವುದಿಲ್ಲ.’ ನೇರಳೆ. ‘ತರಗತಿಯ ಗದ್ದಲದಲ್ಲಿ ಬಳಕೆ.’ ನೇರಳೆ. ‘ಕೆಲಸದ ಜಾಗದಲ್ಲಿ ಹೇಳಲೇಬೇಕೇ?’ ಅದೂ ನೇರಳೆ.

ಅವನಿಗೆ ನಾಚಿಕೆಯಾಯಿತು. ಕೆಳಗಡೆ ಒಂದೇ ಒಂದು ಲಿಂಕು ನೀಲಿಯಾಗಿ ಉಳಿದಿತ್ತು: ‘ಮನೆಯವರು ಓದಬೇಕಾದದ್ದು.’ ಒತ್ತಿದ. ಬೆನ್ನ ಹಿಂದಿನಿಂದ ಮಾತಾಡಿಸಬೇಡಿ ಎಂಬಲ್ಲಿಂದ ಆ ಪುಟ ಶುರುವಾಗುತ್ತಿತ್ತು. ಕೊನೆಯವರೆಗೆ ಓದಿದ. ಹಿಂದಿನ ಪುಟಕ್ಕೆ ಮರಳಿ, ಪರದೆಯನ್ನು ಹಾಗೆಯೇ ಬಿಟ್ಟು ಕುಳಿತ.

ಕೈ ಒರೆಸಿಕೊಳ್ಳುತ್ತ ಬಂದ ಹೆಂಡತಿ ಪರದೆ ಕಂಡು ಅಲ್ಲೇ ನಿಂತಳು. ಒರೆಸುವುದು ಮರೆತುಹೋಯಿತು. ಕೊನೆಯ ಸಾಲಿನ ಕಡೆ ಬೆರಳು ಮಾಡಿ, "ಇದು ನೀಲಿ ಇತ್ತು," ಎಂದಳು.

ಅವನು ಎದ್ದು ಅವಳ ಎದುರಿಗೆ ಬಂದು ನಿಂತ. ಅವಳು ತಲೆಯೆತ್ತಿ ತನ್ನ ಮುಖ ನೋಡುವವರೆಗೂ ಕಾದ.

"ಈಗ ಓದಿದೆ," ಎಂದ.