ಅಪ್ಪ ಗಿರಾಕಿಯಾದ ಮಧ್ಯಾಹ್ನ

ಕಾಮೋಠೆಯ ನನ್ನ ಫ್ಲಾಟಿನಲ್ಲಿ ಡಿಕಾಕ್ಷನ್ ಇಳಿಯುವ ಪರಿಮಳ ಬಂದಾಗಲೆಲ್ಲ ನೆನಪಾಗುವುದು ನೌಪಾಡಾದಲ್ಲಿ ಅಪ್ಪ ನಡೆಸುತ್ತಿದ್ದ ನಮ್ಮ ಹೋಟೆಲಲ್ಲ, ಶ್ರೀರಂಗಪಟ್ಟಣದ ಒಂದು ಮಧ್ಯಾಹ್ನ.

ಅಪ್ಪ ಹೋಟೆಲಿಗೆ ಬೀಗ ಹಾಕಿ ನಮ್ಮನ್ನು ಊರು ನೋಡಲು ಕರೆದೊಯ್ದದ್ದು ಅದೊಂದೇ ಸಲ. ಕೋಟೆಯ ಬಿಸಿ ಕಲ್ಲಿಗೆ ಅಂಗೈ ಒತ್ತಿ ನಿಂತರೂ, ಸಂಗಮದಲ್ಲಿ ಹರಿಗೋಲು ಹತ್ತಿ ಗರಗರ ತಿರುಗಿದರೂ, ಲೋಕಲ್ ರೈಲು ತಪ್ಪಿಹೋಗುತ್ತದೆ ಎಂಬವರ ಹಾಗೆ ಅವರದ್ದು ಒಂದೇ ಮಾತು: "ಆಯ್ತಲ್ಲ, ಹೊರಡುವ."

ಕೊನೆಗೆ ಕಾವೇರಿ ಕಾಣುವ ಒಂದು ಸಣ್ಣ ಹೋಟೆಲಿನಲ್ಲಿ ಕೂತೆವು. ಪಕ್ಕದ ಮೇಜಿನವರು "ಇಲ್ಲೊಂದು ಕಾಫಿ!" ಎಂದು ಕೂಗಿದರು.

"ಬಂತು, ಬಂತು," ಎನ್ನುತ್ತ ಅಪ್ಪ ಎದ್ದು ಅಡುಗೆಮನೆಯತ್ತ ಹೊರಟೇಬಿಟ್ಟರು. ನಾನೂ ತಂಗಿಯೂ ಬಿದ್ದು ಬಿದ್ದು ನಕ್ಕೆವು. ಅಮ್ಮ ನಗಲಿಲ್ಲ. ಅಪ್ಪನ ಅಂಗಿ ಹಿಡಿದೆಳೆದು, "ಕೂತ್ಕೊಳ್ಳಿ ಮಾರಾಯ್ರೆ, ಇವತ್ತು ನೀವು ಗಿರಾಕಿ," ಅಂದಳು.

ಅಮ್ಮ ಹೇಳಿದ್ದ ಕಾಫಿಯನ್ನು ಸಪ್ಲಯರ್ ತಂದು ಅಪ್ಪನ ಮುಂದಿಟ್ಟ.

"ಯಾರಿಗೆ?" ಅಪ್ಪ ಕೇಳಿದರು.

"ನಿಮ್ಗೇ ಸಾರ್."

ಅಪ್ಪ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು, ಒಂದೊಂದೇ ಗುಟುಕು ಕುಡಿಯುತ್ತ ಹೊಳೆ ನೋಡಿದರು. ಕಾಫಿ ಮುಗಿಯಿತು. ಅಮ್ಮ ಚೀಲ ಹೆಗಲಿಗೇರಿಸಿ ಎದ್ದಳು.

"ಕೂತ್ಕೋ," ಅಂದರು ಅಪ್ಪ. "ಇನ್ನೊಂದು ಹೇಳುವ."