ಲ್ಯಾಂಟರ್ನ್ಸ್ ಕುರಿತು ಎರಡು ಮಾತು

“ಆ ಡ್ರಮ್ ಬಾರಿಸಾಂವಗ ಕೈ ಅದಾವೋ, ಮೊರ ಅದಾವೋ?” ಎಂದಳು ಧನಶ್ರೀ, ಪಿಸುದನಿಯಲ್ಲಿ.

ಅಂಬಾದಾಸ ಬಾಗಿಲ ಕಡೆ ನೋಡಿದ. ಅದು ಅರ್ಧ ತೆರೆದಿತ್ತು. ಆಚೆ ಪಡಸಾಲೆಯಲ್ಲಿ ಅವನ ತಾಯಿ ಜಿಜಾಬಾಯಿ ಮತ್ತು ಹುಡುಗಿಯ ಅಪ್ಪ ಮಡೆಪ್ಪ ತೊಗರಿಯ ಮಾತಾಡುತ್ತ, ಕಿವಿಯನ್ನು ಮಾತ್ರ ಇತ್ತ ಇಟ್ಟಿದ್ದರು. ಕನ್ಯೆ ನೋಡಲು ಹುಮನಾಬಾದಿನಿಂದ ಮಂಠಾಳಕ್ಕೆ ಬಂದಾಗಿತ್ತು. ಅವಲಕ್ಕಿ ತಿಂದಾಗಿತ್ತು. ಹುಡುಗ ಹುಡುಗಿ ಎರಡು ಮಾತು ಆಡಲಿ ಎಂದು ಅಪ್ಪಣೆಯೂ ಆಗಿತ್ತು. ಆ ಎರಡು ಮಾತು ಅಮೆರಿಕದ ರಾಕ್ ಬ್ಯಾಂಡ್ ಒಂದರ ಮೇಲೆ ಹೋಗುತ್ತದೆಂದು ಹಿರಿಯರಿಗೆ ಹೊಳೆದಿರಲಿಲ್ಲ.

ಅಂಬಾದಾಸನಿಗೆ ಹೊಳೆದಿತ್ತು. ಹುಡುಗಿ ಬಸವಕಲ್ಯಾಣದ ಸ್ಟುಡಿಯೋ ಒಂದರಲ್ಲಿ ಮದುವೆ ವಿಡಿಯೋಗಳಿಗೆ ಹಾಡು ಕೂಡಿಸುತ್ತಾಳೆ, ಅವಳಿಗೆ ‘ಲ್ಯಾಂಟರ್ನ್ಸ್’ ಪೂರ್ತಿ ಬಾಯಿಪಾಠ ಎಂದು ಸಂಬಂಧ ತಂದ ಸೋದರಮಾವ ಮೊದಲೇ ಸುದ್ದಿ ಕೊಟ್ಟಿದ್ದ. ಅರವತ್ತರ ದಶಕದ ಬ್ಯಾಂಡು. ಹೆಸರೆತ್ತಿದರೆ ಸಾಕು, ತಿಳಿದವರು ಕಣ್ಣು ಮುಚ್ಚಿ ತಲೆದೂಗುತ್ತಾರಂತೆ. ಅಂಬಾದಾಸ ಕುರಿ ಕಾಯುತ್ತ ವಾರವಿಡೀ ಮೊಬೈಲಿನಲ್ಲಿ ಅದನ್ನೇ ಕೇಳಿದ. ತಿಳಿದವರ ಹೊಗಳಿಕೆಗಳನ್ನು ಪರೀಕ್ಷೆಗೆ ಕೂತವನಂತೆ ಉರುಹೊಡೆದ. ಹುಡುಗಿಯೇ ಬ್ಯಾಂಡನ್ನು ತೆಗಳುವ ಪ್ರಶ್ನೆ ಸಿಲಬಸ್ಸಿನಲ್ಲಿರಲಿಲ್ಲ.

“ಅಂಥಾ ಡ್ರಮ್ ಜಗತ್ತಿನ್ಯಾಗ ಇಲ್ರಿ,” ಎಂದ.

“ಖರೆ. ನಮ್ಮನ್ಯಾಗ ಜ್ವಾಳ ಕೇರೋದ್ರಾಗ ಇದಕ್ಕಿಂತ ತಾಳ ಇರ್ತದ.”

“ಮತ್ತ ಗಿಟಾರ್?”

“ಒಂದೇ ಮಾತು ಹತ್ತು ಸಲ ಹೇಳ್ತಾನ. ನಮ್ಮ ಅತ್ತಿ ಭೀಮಬಾಯಿ ಹಂಗ.”

“ಆರ್ಗನ್ ರೀ?”

“ಅದನ್ನ ಕೇಳಿದ್ರ ಓಣ್ಯಾಗ ಯಾರರ ತೀರಿಕೊಂಡಾರೇನು ಅನಸ್ತದ.”

“ಹಾಡಾಂವ ಅಂತೂ...”

“ಅಂವ ಕುಡದು ಹಾಡ್ತಾನ. ಕುಡೀಲಾರದವ್ರಿಗೆ ಕೇಳಾಕ ಆಗಂಗಿಲ್ಲ.”

ಬ್ಯಾಂಡಿನವರೆಲ್ಲ ಮುಗಿದರು. ಹಿಂದೆ ಬಂದಿದ್ದ ಬೀದರಿನ ವರ ಇದೇ ಖುರ್ಚಿಯಿಂದ ಎದ್ದು ಚಹಾ ಬರುವ ಮೊದಲೇ ಚಪ್ಪಲಿ ಹುಡುಕಿದ್ದನಂತೆ. ಈಗ ಕಾರಣ ತಿಳಿಯಿತು. ಆದರೆ ಅಂಬಾದಾಸನಿಗೆ ಏಳುವ ಮನಸ್ಸಿರಲಿಲ್ಲ. ಬೈಯುವಾಗ ಅವಳ ಎಡ ಹುಬ್ಬು ಮೇಲೇರುತ್ತಿತ್ತು. ಅದನ್ನು ನೋಡುತ್ತ ಅವನು ಇನ್ನೊಂದು ಬ್ಯಾಂಡನ್ನು ಬೇಕಾದರೂ ಬಲಿ ಕೊಡಲು ಸಿದ್ಧನಿದ್ದ.

“ಲ್ಯಾಂಟರ್ನ್ಸ್ ಅಂದ್ರ ಲ್ಯಾಂಟರ್ನ್ಸ್ ರೀ!” ಎಂದ, ಬೇರೇನೂ ಹೊಳೆಯದೆ, ಸ್ವಲ್ಪ ಜೋರಾಗಿ.

ಆಚೆ ಮಡೆಪ್ಪ ತೊಗರಿ ಬಿಟ್ಟ. “ಏನ್ರೀ ಅಕ್ಕಾರ, ಲಾಟೀನು ಲಾಟೀನು ಅನ್ನಾಕತ್ತಾರ? ನಿಮ್ಮ ಕಡೀಗೆ ಕರೆಂಟ್ ಭಾಳ ಹೋಗ್ತದೇನು?”

“ಇನ್ವರ್ಟರ್ ಅದರೀ ನಮ್ಮನ್ಯಾಗ!” ಜಿಜಾಬಾಯಿಯ ದನಿಗೆ ಚುರುಕು ಮುಟ್ಟಿತ್ತು.

ಅಂಬಾದಾಸ ಕೈಚೆಲ್ಲಿದ. “ಖರೇ ಹೇಳ್ಲೇನ್ರಿ? ನಾ ಇದನ್ನ ಕೇಳಾಕತ್ತು ಒಂದು ವಾರ ಆತು, ನಿಮ್ಮ ಸಲುವಾಗಿ. ನನಗೇನೂ ತಿಳಿಯಂಗಿಲ್ಲ. ಹಾಡು ಹಚ್ಚಿದ್ರ ಕುರಿಗೋಳು ಮೇಯೋದು ಬಿಟ್ಟು ನನ್ನ ಮಾರಿ ನೋಡ್ತಿದ್ದುವು.”

ಧನಶ್ರೀ ಸೆರಗನ್ನು ಬಾಯಿಗೆ ಒತ್ತಿ ಕಿಟಕಿಯತ್ತ ತಿರುಗಿದಳು. ನಗುವೋ ಸಿಟ್ಟೋ, ಹಿಂದಿನಿಂದ ಗೊತ್ತಾಗಲಿಲ್ಲ.

“ಹಂಗಿದ್ರ ಅದರಾಗ ಚಲೋ ಅನ್ನೋದು ಏನೂ ಇಲ್ಲೇನ್ರಿ?” ಎಂದು ಅವನು ಬೇಡಿಕೊಂಡ.

ಅದೇ ಹೊತ್ತಿಗೆ ಮಡೆಪ್ಪನ ತಾಳ್ಮೆಯೂ ಮುಗಿಯಿತು. “ಯವ್ವಾ ಧನೂ, ಹ್ಯಾಂಗವ್ವಾ? ಹೇಳಿ ಬಿಡು!”

“ಬೇಸ್ ಅದ!” ಎಂದಳು ಧನಶ್ರೀ, ಪಡಸಾಲೆ ದಾಟಿ ಬೀದಿಗೂ ಕೇಳುವಷ್ಟು ಜೋರಾಗಿ.

ಸ್ಟುಡಿಯೋದಲ್ಲಿ ಬೇಸ್ ಎಂದರೆ ದಪ್ಪ ತಂತಿಯ ಗಿಟಾರು, ಹಾಡಿನ ತಳದಲ್ಲಿ ಗುಂಯ್‌ಗುಡುವ ದನಿ. ಮಂಠಾಳದಲ್ಲಿ ಬೇಸ್ ಎಂದರೆ ಚಲೋ, ಒಪ್ಪಿಗೆ, ಮುಂದಿನ ಮಾತು ಆಡ್ರಿ. ಮಡೆಪ್ಪ ಸ್ಟುಡಿಯೋದ ಮೆಟ್ಟಿಲು ಹತ್ತಿದವನಲ್ಲ.

ಸಂಬಂಧ ಗಟ್ಟಿಯಾದ ಲೆಕ್ಕದಲ್ಲಿ ಸಕ್ಕರೆ ಬಂತು. ಅಂಬಾದಾಸನ ಬಾಯಿ ತೆರೆದೇ ಇತ್ತು, ಮಡೆಪ್ಪ ಅದರಲ್ಲೇ ಸುರಿದ. “ಅಲ್ರೀ ಮಾವಾ, ಅವರು ಅಂದಿದ್ದು ಬೇಸ್...” ಎಂದು ಅಂಬಾದಾಸ ತೊದಲಿದ.

“ಹೌದಲ್ಲೋ, ನಾವೂ ಅದನ್ನೇ ಕೇಳೀವಿ!” ಎಂದ ಮಡೆಪ್ಪ.

“ಚಹಾ ತಗೋರಿ,” ಎಂದಳು ಧನಶ್ರೀ, ತಲೆ ಎತ್ತದೆ. ಪಾಪ, ಅವಳಿಗೂ ದಿಕ್ಕು ತೋಚಿಲ್ಲ ಎಂದುಕೊಂಡ ಅಂಬಾದಾಸ.

ಹುಮನಾಬಾದಿನ ಬಸ್ಸಿನಲ್ಲಿ ಜಿಜಾಬಾಯಿಗೆ ಸಂತೋಷ ತಡೆಯಲಾಗಲಿಲ್ಲ. “ನಿನ್ನ ಮಾರಿ ನೋಡಿ ಬೇಸ್ ಅಂದಳಲ್ಲೋ! ಎಷ್ಟು ದೊಡ್ಡ ಮನಸ್ಸು ಆ ಪೋರಿಂದು.”

ಅಂಬಾದಾಸ ಕಿಟಕಿಯಾಚೆ ನೋಡಿದ. ಹುಡುಗಿ ತೆಗಳಿದ್ದು ಬ್ಯಾಂಡನ್ನು, ಹೊಗಳಿದ್ದು ಬೇಸನ್ನು. ನಡುವೆ ತನ್ನ ಮಾತೇ ಬಂದಿಲ್ಲ. ಒಂದು ಗಿಟಾರಿಗೆ ಸಿಕ್ಕ ಒಪ್ಪಿಗೆಯ ಮೇಲೆ ತಾನು ಹೋಗಿ ಮಂಟಪದಲ್ಲಿ ಕೂರುವುದೇ? ಅಪ್ಪನಿಗೆ ಹೆದರಿ ಅವಳು ಸುಮ್ಮನಿದ್ದರೆ, ಬಾಯಿ ಬಿಡಬೇಕಾದವನು ತಾನೇ. ಬಸ್ಸು ನಿಲ್ದಾಣಕ್ಕೆ ಬರುವಷ್ಟರಲ್ಲಿ ನಿರ್ಧಾರವಾಗಿತ್ತು. ಮಡೆಪ್ಪನಿಗೆ ಫೋನ್ ಮಾಡುವುದು, ತಪ್ಪು ಕೇಳಿಸಿಕೊಂಡಿದ್ದೀರಿ ಎಂದು ಹೇಳಿ ಸಂಬಂಧ ಬಿಡುವುದು.

ತಾಯಿಯನ್ನು ಆಟೋ ಹತ್ತಿಸಿ ಮೊಬೈಲು ತೆಗೆದ. ನಂಬರು ಒತ್ತಲು ಬೆರಳು ಒಪ್ಪಲಿಲ್ಲ. ಎದುರಿಗೆ ಗೆಳೆಯ ಮುಜಾಫರನ ಸೌಂಡ್ ಸಿಸ್ಟಮ್ ಅಂಗಡಿ. ಯಾವನಿಗೆ ಸಲ್ಲಬೇಕಾದ ಸಕ್ಕರೆಯನ್ನು ತಾನು ತಿಂದೆ ಎಂದಾದರೂ ತಿಳಿಯಲಿ ಎಂದು ಒಳಗೆ ಹೋದ.

“ಮುಜಾಫರ್ ಭಾಯ್, ಲ್ಯಾಂಟರ್ನ್ಸ್‌ನಾಗ ಬೇಸ್ ಬಾರಿಸಾಂವ ಯಾರು?”

ಮುಜಾಫರ್ ವೈರು ಸುತ್ತುವುದನ್ನು ನಿಲ್ಲಿಸಿ ನಕ್ಕ. “ಅದೇ ಅವರ ಮಜಾ, ಯಾರ್. ಆ ಬ್ಯಾಂಡಿನ್ಯಾಗ ಬೇಸ್ ಇಲ್ಲೇ ಇಲ್ಲ, ಒಂದು ಹಾಡಿನಾಗ ಭೀ ಇಲ್ಲ. ಬಾಯಿಪಾಠ ಇದ್ದವರನ್ನ ಯಾರನ್ನರ ಕೇಳು.”