ಎಂಟನೇ ಎಲೆ

"ಎಂಟನೇ ಎಲೇಲಿ ನಿಂಗೆ ತೆರೆದ ರಂಧ್ರ ತುಂಬ ಕಡಿಮೆ ಸಿಕ್ಕಿರ್ಬೇಕು, ಅಲ್ವೇನೇ?" ಮೈಕ್ರೋಸ್ಕೋಪಿನಿಂದ ಕಣ್ಣೆತ್ತದೆ ಗಗನಾ ಕೇಳಿದಾಗ, ಸೌಭಾಗ್ಯ ತನ್ನ ನೋಟ್‌ಬುಕ್ಕಿನ ಮೇಲೆ ಅಂಗೈ ಇಟ್ಟಳು. ಅಂಗೈ ಕೆಳಗೆ, ಎಂಟನೇ ಎಲೆಯ ಎದುರು ಬರೆದಿದ್ದ ಸಂಖ್ಯೆ ನಾಲ್ಕು.

ಕಲ್ಯಾಣದ ಕಾಲೇಜಿನ ಆ ಲ್ಯಾಬಿನಲ್ಲಿ ಇಬ್ಬರದೂ ಒಂದೇ ಪ್ರಾಜೆಕ್ಟು. ಎಳೆ ಎಲೆ ಬಲಿಯುವಾಗ ಅದು ಉಸಿರಾಡುವ ಪತ್ರರಂಧ್ರಗಳು ತೆರೆದುಕೊಳ್ಳುವುದೂ, ಅವುಗಳ ಹಿಂದೆ ಎಲೆಯೊಳಗೆ ಗಾಳಿಗೂಡುಗಳು ಮೂಡುವುದೂ ಜೊತೆಜೊತೆಗೇ ನಡೆಯುತ್ತವೆಯೇ ಎಂದು ನೋಡಬೇಕಿತ್ತು. ಸೌಭಾಗ್ಯ ಮೂರು ತಿಂಗಳಿಂದ ಎಲೆಗಳಿಗೆ ನೇಲ್ ಪಾಲಿಶ್ ಬಳಿದು, ಒಣಗಿದ ಪೊರೆ ಕಿತ್ತು, ರಂಧ್ರ ಎಣಿಸುತ್ತಿದ್ದಳು. ಯಾರೂ ಬಗ್ಗಿ ನೋಡಿರಲಿಲ್ಲ. ಗಗನಾ ಒಳಗಿನ ಗಾಳಿಗೂಡು ನೋಡಲು ಬ್ಲೇಡಿನಿಂದ ಅದೇ ಎಲೆಗಳನ್ನು ತೆಳ್ಳಗೆ ಸೀಳುತ್ತಿದ್ದಳು. ಇವತ್ತು ಬೆಳಿಗ್ಗೆ ಪಾಟಣಕರ್ ಸರ್ ಅವಳ ಎಂಟನೇ ಎಲೆಯ ಸ್ಲೈಡ್ ನೋಡಿ, "ಏಕದಮ್ ಫಸ್ಟ್‌ಕ್ಲಾಸ್" ಎಂದು ಇಡೀ ತರಗತಿಯನ್ನು ಸಾಲಾಗಿ ಕರೆದು ತೋರಿಸಿದ್ದರು. ಆ ಸಾಲಿನಲ್ಲಿ ಸೌಭಾಗ್ಯಳೂ ನಿಂತಿದ್ದಳು. ಆಗ ಹೊತ್ತಿದ ಹೊಟ್ಟೆಯ ಕಿಚ್ಚು ಇನ್ನೂ ಆರಿರಲಿಲ್ಲ.

"ನನ್ನ ಸ್ಲೈಡಲ್ಲಿ ಗಾಳಿಗೂಡು ಮೂಡೇ ಇಲ್ಲ, ಅದಕ್ಕೆ ಕೇಳ್ದೆ," ಎಂದಳು ಗಗನಾ.

"ಎಲ್ಲಿ ಕಡಿಮಿ? ಉಳದ ಎಲಿ ಹಂಗನ, ಹತ್ತೊಂಬತ್ತ ಅದಾವು," ಎಂದಳು ಸೌಭಾಗ್ಯ. ಇನ್ನು ಗಗನಾ ವಾದಿಸುತ್ತಾಳೆ, ನೋಟ್‌ಬುಕ್ ತೋರಿಸು ಎನ್ನುತ್ತಾಳೆ ಎಂದು ಕಾದಳು. ಉತ್ತರವನ್ನೂ ಸಿದ್ಧ ಮಾಡಿಕೊಂಡಳು.

ಗಗನಾ ಕೇಳಲೇ ಇಲ್ಲ. "ಹಾಗಾದ್ರೆ ನಾನೇ ಬೇರೆ ಎಲೆ ಕತ್ತರಿಸಿಬಿಟ್ಟಿದೀನಿ. ನೀನು ಎಣಿಸಿದ್ಮೇಲೆ ಮುಗೀತು ಬಿಡು," ಎಂದು ಬೆಳಿಗ್ಗೆ ಸರ್ ಹೊಗಳಿದ್ದ ಆ ಸ್ಲೈಡನ್ನೇ ನಲ್ಲಿಯ ಕೆಳಗೆ ಹಿಡಿದು, ಹೆಬ್ಬೆರಳಿನಿಂದ ಉಜ್ಜಿದಳು.